ಹೂವಿಲ್ಲದಾಗಲೂ ಲಂಟಾನ ಲಂಟಾನವೇ

ಲಂಟಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದಿಂದ ಬಂದು ಭಾರತದಲ್ಲಿ ಬೇರೂರಿದ ಪೊದೆಗಿಡ. ಸಸ್ಯಶಾಸ್ತ್ರದಲ್ಲಿ ಇದು ಲಂಟಾನ ಕಮಾರಾ. ಹೆಸರಿಟ್ಟವನು ಲಿನೇಯಸ್, 1753ರಲ್ಲಿ. ಕುಟುಂಬ ವರ್ಬಿನೇಸಿ. ದಕ್ಷಿಣ ಬೆಂಗಳೂರಿನಲ್ಲಿ ಇದಿಲ್ಲದ ಜಾಗ ಹುಡುಕುವುದೇ ಕಷ್ಟ. ಕನಕಪುರ ರಸ್ತೆಯ ಪಕ್ಕದ ತುರಹಳ್ಳಿ ಕಾಡಿನ ಕಾಲುದಾರಿಗಳ ಎರಡೂ ಬದಿ, ಜೆ.ಪಿ. ನಗರದ ಅಂಚಿನ ದೊರೆಸಾನಿಪಾಳ್ಯದ ಅರಣ್ಯ ಆವರಣ, ಬನಶಂಕರಿಯ ಹೊರ ಬಡಾವಣೆಗಳ ಖಾಲಿ ಸೈಟು, ಬಿಟಿಎಂ ಲೇಔಟ್ ಕಡೆಯ ಕೆರೆ ಏರಿ, ರಾಜಕಾಲುವೆಯ ದಂಡೆ, ಬನ್ನೇರುಘಟ್ಟದ ಕಾಡು, ಹೀಗೆ ಎಲ್ಲಿ ಮಣ್ಣು ಒಂದೆರಡು ವರ್ಷ ಯಾರ ಕೈಗೂ ಸಿಗದೆ ಬಿದ್ದಿರುತ್ತದೋ ಅಲ್ಲೆಲ್ಲ ಇದು ಎದ್ದು ನಿಲ್ಲುತ್ತದೆ. ಜಯನಗರದ ಪಾರ್ಕುಗಳಲ್ಲಿ ಇದರ ತೋಟದ ತಳಿಗಳು ಅಂಚುಗಿಡವಾಗಿ ಕತ್ತರಿ ಹಾಕಿಸಿಕೊಂಡು ಸಭ್ಯವಾಗಿ ನಿಂತಿರುತ್ತವೆ.

ಇಷ್ಟು ಸಾಮಾನ್ಯವಾದ ಗಿಡವನ್ನು ಗುರುತಿಸುವುದರಲ್ಲಿ ಏನಿದೆ ಎಂದು ಅನ್ನಿಸಬಹುದು. ತೊಂದರೆ ಹೂವಿನಿಂದಲೇ ಶುರು. ಬಹುತೇಕ ಜನ ಲಂಟಾನವನ್ನು ಹಳದಿ-ಕಿತ್ತಳೆ ಬಣ್ಣದ ಗೊಂಚಲಿನಿಂದ ಮಾತ್ರ ಬಲ್ಲರು. ಆದರೆ ಮರದ ನೆರಳಿನಲ್ಲಿ ಬೆಳೆದದ್ದು ಹೂ ಬಿಡುವುದು ಕಡಿಮೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತುರಹಳ್ಳಿಯ ಬಂಡೆ ಸೆರಗಿನಲ್ಲಿ ಅದು ಎಲೆಯನ್ನೂ ಉದುರಿಸಿ ಬರೀ ಕಡ್ಡಿಗಳ ಗೋಜಲಾಗಿರುತ್ತದೆ. ಜೊತೆಗೆ ಒಂದು ಗಿಡದ ಹೂ ಹಳದಿ-ಕೆಂಪಾದರೆ, ಪಕ್ಕದ್ದರದು ಬಿಳಿ-ಗುಲಾಬಿ. ಕಾಡಿನಿಂದ ಈ ಕಳೆ ತೆಗೆಯಲು ಹೋಗಿ ಹೂವನ್ನೇ ನಂಬಿದವರು ಎರಡು ಕಡೆ ಎಡವುತ್ತಾರೆ: ಹೂವಿಲ್ಲದ ಲಂಟಾನವನ್ನು ಬಿಟ್ಟುಬಿಡುತ್ತಾರೆ, ಅದರ ಜೊತೆ ಬೆಳೆದ ಕವಳಿ, ಕಾರೆಯಂಥ ದೇಸಿ ಪೊದೆಗಳನ್ನು ಕಿತ್ತುಹಾಕುತ್ತಾರೆ. ಆದ್ದರಿಂದ ಕಾಡಿನಲ್ಲಿ ಈ ಗಿಡವನ್ನು ಕಾಂಡದಿಂದ ಮೇಲಕ್ಕೆ ಓದಿಕೊಂಡು ಹೋಗಬೇಕು. ಹೂವಿನ ಸರದಿ ಬರುವುದು ಕೊನೆಗೆ.

ಕಾಂಡ, ಮುಳ್ಳು, ಎಲೆ

ಮೊದಲು ಎಳೆಯ ಕೊಂಬೆಯನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಬೇಕು. ಅದು ಉರುಳುವುದಿಲ್ಲ, ತಡೆಯುತ್ತದೆ. ಕಾರಣ, ಎಳೆ ಕಾಂಡ ಚೌಕಾಕಾರದ್ದು, ನಾಲ್ಕು ಏಣುಗಳುಳ್ಳದ್ದು. ಆ ಏಣುಗಳ ಮೇಲೆ ಚಿಕ್ಕ ಮುಳ್ಳುಗಳಿದ್ದು, ತುದಿಗಳು ಕೆಳಮುಖವಾಗಿ ಬಾಗಿರುತ್ತವೆ. ಪೊದೆಯೊಳಗೆ ಕೈ ಹಾಕುವಾಗ ಅಷ್ಟಾಗಿ ಗೊತ್ತಾಗದ ಈ ಮುಳ್ಳು, ಕೈ ಹಿಂದಕ್ಕೆಳೆದಾಗ ಅಂಗಿಯ ತೋಳನ್ನು ಹಿಡಿದುಕೊಳ್ಳುತ್ತದೆ. ಗಿಡ ಪಕ್ಕದ ಮರವನ್ನು ಆತುಕೊಂಡು ಮೇಲೇರುವುದೂ ಇದೇ ಕೊಕ್ಕೆಗಳ ಬಲದಿಂದ. ಬಯಲಿನಲ್ಲಿ ಆಳೆತ್ತರಕ್ಕೋ ಅದಕ್ಕಿಂತ ತುಸು ಹೆಚ್ಚಿಗೋ ನಿಲ್ಲುವ ಲಂಟಾನ, ಆಸರೆ ಸಿಕ್ಕರೆ ಬಳ್ಳಿಯಂತೆ ಮರದ ಕೊಂಬೆಗಳ ಮಟ್ಟಕ್ಕೂ ಹತ್ತುತ್ತದೆ. ಬಲಿತ ಕಾಂಡದಲ್ಲಿ ಏಣು ಮಾಯವಾಗಿ ಬೂದು-ಕಂದು ಬಣ್ಣದ ದುಂಡು ಕಟ್ಟಿಗೆಯಾಗುತ್ತದೆ, ಮುಳ್ಳೂ ವಿರಳ. ಹೀಗಾಗಿ ಬುಡ ನೋಡಿ ತೀರ್ಮಾನಿಸಬಾರದು, ಯಾವಾಗಲೂ ತುದಿಯ ಚಿಗುರು ನೋಡಬೇಕು. ಕೆಲವು ತಳಿಗಳಿಗೆ ಮುಳ್ಳು ತೀರಾ ಕಡಿಮೆ ಎಂಬುದನ್ನೂ ನೆನಪಿಡಬೇಕು. ಮುಳ್ಳಿಲ್ಲ ಎಂದ ಮಾತ್ರಕ್ಕೆ ಲಂಟಾನ ಅಲ್ಲ ಎನ್ನುವಂತಿಲ್ಲ.

ಎಲೆಗಳು ಎದುರು ಬದುರು ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಪೂರ್ವ-ಪಶ್ಚಿಮಕ್ಕೆ ಮುಖ ಮಾಡಿದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕೆ. ಆಕಾರ ಮೊಟ್ಟೆಯಂತೆ, ತುದಿ ಚೂಪು, ಅಂಚಿನ ಉದ್ದಕ್ಕೂ ಗರಗಸದ ಹಲ್ಲು. ಸಾಮಾನ್ಯವಾಗಿ ಮೂರರಿಂದ ಹತ್ತು ಸೆಂಟಿಮೀಟರ್ ಉದ್ದ. ನರಗಳು ಮೇಲ್ಮೈಯಲ್ಲಿ ಒಳಕ್ಕೆ ಕುಸಿದಿರುವುದರಿಂದ ಎಲೆ ಸುಕ್ಕುಗಟ್ಟಿದಂತೆ ಕಾಣುತ್ತದೆ. ಬೆರಳಾಡಿಸಿದರೆ ಮೇಲ್ಭಾಗ ಉಪ್ಪುಕಾಗದದಂತೆ ತರಿತರಿ.

ಇನ್ನು ವಾಸನೆ. ಒಂದು ಎಲೆ ಕಿತ್ತು ಉಜ್ಜಿ ಮೂಗಿಗೆ ಹಿಡಿದರೆ ಬರುವ ಖಾರವಾದ ನಾತ ಬೇರೆ ಯಾವ ಗಿಡಕ್ಕೂ ಇಲ್ಲ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕೆಲವು ಕಡೆ ಇದನ್ನು ನಾತದ ಗಿಡ ಎಂದೇ ಕರೆಯುವುದು ಇದಕ್ಕೆ. ಎರಡೇ ಜೋಡಿ ಎಲೆ ಬಿಟ್ಟ ಸಸಿಗೂ ಇದೇ ವಾಸನೆ ಇರುವುದು ಗುರುತಿಸುವವರಿಗೆ ದೊಡ್ಡ ಅನುಕೂಲ. ಮುಳ್ಳು ಮೂಡಿರದ, ಹೂವಿನ ಮಾತೇ ಇಲ್ಲದ ಗೇಣುದ್ದದ ಸಸಿಯನ್ನು ಪತ್ತೆಹಚ್ಚಲು ಇದಕ್ಕಿಂತ ಖಚಿತವಾದ ದಾರಿ ಇಲ್ಲ. ಚೌಕ ಕಾಂಡ, ಎದುರು ಬದುರು ಎಲೆ, ಗಾಢ ವಾಸನೆ, ಈ ಮೂರೂ ತುಳಸಿಯ ಬಳಗದಲ್ಲೂ ಇವೆ ನಿಜ. ಆದರೆ ಆ ಬಳಗದ ಕಾಡುಗಿಡಗಳಲ್ಲಿ ಹೀಗೆ ಕೊಕ್ಕೆ ಮುಳ್ಳಾಗಲಿ, ರಸಭರಿತ ಕಪ್ಪು ಹಣ್ಣಿನ ಗೊಂಚಲಾಗಲಿ ಕಾಣಸಿಗುವುದಿಲ್ಲ.

ಬೆಂಗಳೂರಿನ ಲಂಟಾನದ ಎಲೆಯ ಮೇಲೆ ಆಗಾಗ ಬಿಳಿ ಚುಕ್ಕಿಗಳು ತುಂಬಿ, ಎಲೆ ಸುರುಟಿ ಕಂದಾಗಿರುವುದುಂಟು. ಇದು ಟೀಲಿಯೊನೀಮಿಯಾ ಎಂಬ ಪುಟ್ಟ ರಸ ಹೀರುವ ತಿಗಣೆಯ ಕೆಲಸ. ಲಂಟಾನವನ್ನು ಹತೋಟಿಗೆ ತರಲೆಂದು 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ತರಿಸಿದ ಕೀಟ ಇದು. ಗಿಡ ಕೆಲಕಾಲ ಬೋಳಾಗುತ್ತದೆ, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ಹೂವು ಮತ್ತು ಹಣ್ಣು

ಎಲೆಯ ಕಂಕುಳಿನಿಂದ ಹೊರಡುವ ತೊಟ್ಟಿನ ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಅಗಲದ, ಮೇಲೆ ಚಪ್ಪಟೆಯಾದ ಹೂಗೊಂಚಲು ಕೂತಿರುತ್ತದೆ. ಇಪ್ಪತ್ತರಿಂದ ನಲವತ್ತು ಪುಟ್ಟ ಹೂಗಳು. ಹೊರಸುತ್ತಿನವು ಮೊದಲು ಅರಳುತ್ತವೆ, ಒಳಗಿನವು ಸರದಿಯ ಮೇಲೆ. ಅರಳದ ಮೊಗ್ಗುಗಳು ನಟ್ಟನಡುವೆ ಚೌಕಚೌಕವಾಗಿ ಒತ್ತೊತ್ತಾಗಿರುತ್ತವೆ. ಒಂದು ಹೂ ಬಿಡಿಸಿ ಅಂಗೈ ಮೇಲಿಟ್ಟುಕೊಂಡರೆ ಸುಮಾರು ಒಂದು ಸೆಂಟಿಮೀಟರ್ ಉದ್ದದ, ನಡುವೆ ತುಸು ಬಾಗಿದ ಕೊಳವೆ, ಅದರ ಬಾಯಲ್ಲಿ ಒಂದೇ ಅಳತೆಯಲ್ಲದ ನಾಲ್ಕು ದಳ ಕಾಣುತ್ತವೆ. ಕೊಳವೆಯ ಬುಡದಲ್ಲಿ ಒಂದು ಹನಿ ಮಕರಂದ. ಚಿಟ್ಟೆಗಳು ಇದಕ್ಕೆ ಮುಗಿಬೀಳುವುದು ಅದಕ್ಕೇ.

ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣ ಇರುವುದಕ್ಕೆ ಕಾರಣ ಹೂವಿನ ವಯಸ್ಸು. ಆಗಷ್ಟೇ ಅರಳಿದ್ದು ಹಳದಿ. ಒಂದೆರಡು ದಿನದ್ದು ಕಿತ್ತಳೆ, ಕೆಂಪು ಅಥವಾ ಗುಲಾಬಿ. ಮೈಸೂರಿನಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್ ಮತ್ತು ಗೀತಾ ಮಾಥುರ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಗುಟ್ಟನ್ನು ಬಿಡಿಸಿತು. ಹಳದಿ ಹೂವಿಗೆ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಆಕರ್ಷಿತವಾಗುತ್ತವೆ. ಪರಾಗಸ್ಪರ್ಶ ಆದೊಡನೆ ದಳಗಳಲ್ಲಿ ಕೆಂಪು ವರ್ಣದ್ರವ್ಯ ತಯಾರಾಗತೊಡಗುತ್ತದೆ. ಬಣ್ಣ ತಿರುಗಿದ ಹೂವಿನಲ್ಲಿ ಕೆಲಸ ಮುಗಿದಿದೆ ಎಂಬ ಸೂಚನೆ ಕೀಟಕ್ಕೆ ಸಿಗುತ್ತದೆ, ಆದರೂ ಗೊಂಚಲು ದೂರದಿಂದ ದೊಡ್ಡದಾಗಿಯೇ ಕಾಣುತ್ತಿರುತ್ತದೆ. ಗಿಡದ ಲೆಕ್ಕಾಚಾರ ಮೆಚ್ಚಬೇಕಾದದ್ದೇ.

ಹಣ್ಣು ದುಂಡಗೆ, ಐದಾರು ಮಿಲಿಮೀಟರ್ ಗಾತ್ರ, ಪುಟ್ಟ ಗೊಂಚಲಿನಲ್ಲಿ. ಕಾಯಿ ಹಸಿರು, ಗಟ್ಟಿ. ಹಣ್ಣಾದಾಗ ನೀಲಿಗಪ್ಪು, ಮಿರಿಮಿರಿ ಹೊಳಪು. ಒಳಗೆ ಒಂದೇ ಗಟ್ಟಿ ಓಟೆ. ಪಿಕಳಾರ ಮತ್ತು ಮೈನಾಗಳು ಹಣ್ಣು ನುಂಗಿ ಓಟೆಯನ್ನು ದೂರ ಒಯ್ದು ಹಾಕುತ್ತವೆ. ಹೊಸ ಸಸಿಗಳು ಮರದ ಕೆಳಗೆ, ತಂತಿ ಬೇಲಿಯ ಸಾಲಿನಲ್ಲಿ, ವಿದ್ಯುತ್ ಕಂಬದ ಬುಡದಲ್ಲಿ ಸಾಲುಗಟ್ಟಿ ಏಳುವುದು ಹಕ್ಕಿ ಕೂರುವ ಜಾಗ ಅದಾದ್ದರಿಂದ. ಹೊಸ ಸಸಿ ಹುಡುಕುವವರು ನೆಲ ನೋಡುವುದಕ್ಕಿಂತ ಮೇಲಿನ ಕೊಂಬೆ ನೋಡುವುದು ಮೇಲು.

ಹಳೆಯ ಬೆಂಗಳೂರಿನ ಮಕ್ಕಳು ಈ ಹಣ್ಣು ತಿಂದೇ ಬೆಳೆದವರು. ಆದರೆ ಹಸಿರು ಕಾಯಿ ವಿಷಕಾರಿ. ಮಕ್ಕಳ ಕೈಗೆ ಅದು ಸಿಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಎಲೆಯಲ್ಲಿರುವ ಲಂಟಾಡೀನ್ ಎಂಬ ರಾಸಾಯನಿಕಗಳು ದನ, ಕುರಿ, ಮೇಕೆಗಳ ಯಕೃತ್ತನ್ನು ಕೆಡಿಸಿ ಕಾಮಾಲೆ ತರುತ್ತವೆ. ಅಂಥ ಪ್ರಾಣಿಯನ್ನು ಬಿಸಿಲಿಗೆ ಬಿಟ್ಟರೆ ಬಿಳಿ ಚರ್ಮದ ಭಾಗಗಳು ಸುಟ್ಟಂತೆ ಊದಿ ಹುಣ್ಣಾಗುತ್ತವೆ. ರೂಢಿಯಾದ ದನ ಈ ಎಲೆಗೆ ಬಾಯಿ ಹಾಕುವುದಿಲ್ಲ. ಹೊಸದಾಗಿ ತಂದವು, ಮೇವಿಲ್ಲದೆ ಹಸಿದವು ಸಿಕ್ಕಿಬೀಳುತ್ತವೆ.

ಮೋಸ ಮಾಡುವ ನೆರೆಯವರು

ಲಂಟಾನ ಎಂದು ತಪ್ಪಾಗಿ ಕಿತ್ತುಹೋಗುವ ಗಿಡಗಳಲ್ಲಿ ಮೊದಲ ಹೆಸರು ಕವಳಿಯದು. ತುರಹಳ್ಳಿಯಂಥ ಕುರುಚಲು ಕಾಡಿನ ನಿಜವಾದ ವಾರಸುದಾರ ಇದು. ಇದಕ್ಕೂ ಎದುರು ಬದುರು ಎಲೆ, ಮುಳ್ಳು, ಕಪ್ಪು ಹಣ್ಣು, ಹೀಗೆ ಮೇಲ್ನೋಟಕ್ಕೆ ಮೂರೂ ಕೂಡಿಬರುತ್ತವೆ. ಆದರೆ ಕವಳಿಯ ಎಲೆ ನುಣುಪು, ಹೊಳಪು, ಅಂಚಿನಲ್ಲಿ ಹಲ್ಲಿಲ್ಲ. ಮುಳ್ಳು ನೆಟ್ಟಗೆ ಸೂಜಿಯಂತೆ ಉದ್ದ. ಎಲೆ ಕಿತ್ತ ಕಡೆ ಹಾಲು ಒಸರುತ್ತದೆ. ಹೂವು ಬಿಳಿ, ಐದು ದಳ, ಮಲ್ಲಿಗೆಯ ಹತ್ತಿರದ ಪರಿಮಳ. ಲಂಟಾನದಲ್ಲಿ ಎಂದೂ ಹಾಲಿಲ್ಲ. ಈ ಒಂದು ಪರೀಕ್ಷೆ ಮಾಡಿದ್ದರೆ ಎಷ್ಟೋ ಕವಳಿ ಪೊದೆಗಳು ಮಚ್ಚಿನಿಂದ ಉಳಿಯುತ್ತಿದ್ದವು.

ಕಾರೆ ಗಿಡವೂ ಹಾಗೆಯೇ. ನೇರವಾದ ಬಲವಾದ ಮುಳ್ಳು ಜೋಡಿಯಾಗಿ ಬರುತ್ತವೆ, ಎಲೆ ಚಿಕ್ಕದು, ಅಂಚು ನುಣುಪು, ವಾಸನೆ ಇಲ್ಲ, ಹಣ್ಣು ಹಳದಿ. ಕಮ್ಯುನಿಸ್ಟ್ ಗಿಡ ಎಂದು ಜನ ಕರೆಯುವ ಕ್ರೋಮೊಲೀನಾ ಕೂಡ ಅಮೆರಿಕದಿಂದಲೇ ಬಂದದ್ದು, ಪೊದೆಯ ನಿಲುವೂ ಲಂಟಾನದಂತೆ. ಆದರೆ ಅದಕ್ಕೆ ಮುಳ್ಳಿಲ್ಲ. ಎಲೆ ತ್ರಿಕೋನಾಕಾರ, ಬುಡದಿಂದಲೇ ಮೂರು ನರ ಸ್ಪಷ್ಟ. ಮಳೆಗಾಲ ಮುಗಿದ ಮೇಲೆ ಬರುವ ಮಾಸಲು ಬಿಳಿ ಹೂ ಒಣಗಿ ಗಾಳಿಗೆ ಹಾರುವ ಬೀಜವಾಗುತ್ತದೆ. ಅದನ್ನು ತಪ್ಪಾಗಿ ಕಿತ್ತರೆ ನಷ್ಟವೇನಿಲ್ಲ ಬಿಡಿ.

ಬಡಾವಣೆಗಳೊಳಗೆ ಗೊಂದಲ ಬೇರೆ ಬಗೆಯದು. ಬೇಲಿಗೆ ಹಾಕುವ ಡುರಾಂಟಾ ಇದೇ ವರ್ಬಿನೇಸಿ ಕುಟುಂಬದ್ದು. ಅದರ ಹೂ ನೇರಳೆ, ಜೋಲುವ ಗೊನೆಯಲ್ಲಿ. ಹಣ್ಣು ಕಿತ್ತಳೆ-ಹಳದಿ. ಕೇಪಳದ ಗೊಂಚಲಿನಲ್ಲೂ ನಾಲ್ಕು ದಳದ ಹೂಗಳೇ, ಆದರೆ ಎಲೆ ದಪ್ಪ, ನಯ, ವಾಸನೆ ಇಲ್ಲ. ನರ್ಸರಿಗಳಲ್ಲಿ ಹನಿಸಕಲ್ ಎಂಬ ಹೆಸರಿನಡಿ ಮಾರಾಟವಾಗುವ ಹಲವು ಗಿಡಗಳೂ ಗೊಂದಲ ತರುತ್ತವೆ. ಕಾಂಪೌಂಡಿನ ಮೇಲೆ ಹಬ್ಬುವ ಮಧುಮಾಲತಿಯ ಹೂ ಬಿಳಿಯಿಂದ ಗುಲಾಬಿಗೆ, ಗುಲಾಬಿಯಿಂದ ಕೆಂಪಿಗೆ ತಿರುಗುವುದರಿಂದ ಲಂಟಾನದ ನೆನಪಾಗಬಹುದು. ಅದು ಐದು ದಳದ ಉದ್ದ ಕೊಳವೆಯ ಬಳ್ಳಿ. ದಕ್ಷಿಣ ಆಫ್ರಿಕಾದ ಕೇಪ್ ಹನಿಸಕಲ್ ಕಿತ್ತಳೆ ಬಣ್ಣದ ಉದ್ದ ಹೂವಿನ ಬೇಲಿಗಿಡ, ಅದರ ಎಲೆ ಹಲವು ಕಿರುಎಲೆಗಳಾಗಿ ಸೀಳಿರುತ್ತದೆ. ಜಪಾನ್ ಮೂಲದ ನಿಜವಾದ ಹನಿಸಕಲ್‌ನ ಹೂ ಬಿಳಿಯಾಗಿ ಅರಳಿ ಹಳದಿಗೆ ತಿರುಗುತ್ತದೆ, ಇಲ್ಲಿ ಅದು ತೋಟದ ಬಳ್ಳಿ. ಇವು ಮೂರರಲ್ಲೂ ಕೊಕ್ಕೆ ಮುಳ್ಳಿನ ಚೌಕ ಕಾಂಡವಿಲ್ಲ.

ಲಂಟಾನದ ಒಳಗೇ ಇರುವ ಭೇದ ಇನ್ನೂ ಸೂಕ್ಷ್ಮ. ರಸ್ತೆ ವಿಭಜಕಗಳಲ್ಲಿ, ಕುಂಡಗಳಲ್ಲಿ ಜೋತುಬೀಳುವ, ಮುಳ್ಳಿಲ್ಲದ, ನೇರಳೆ ಹೂವಿನದು ಲಂಟಾನ ಮಾಂಟೆವಿಡೆನ್ಸಿಸ್ ಎಂಬ ಬೇರೆ ಜಾತಿ. ಲಾಲ್‌ಬಾಗಿನ ಬಳಿಯ ಸಿದ್ದಾಪುರದ ನರ್ಸರಿಗಳಂಥ ಕಡೆ ಸಿಗುವ ಕುಳ್ಳ ಹಳದಿ, ಬಿಳಿ ತಳಿಗಳು ಕಾಡುಲಂಟಾನದ್ದೇ ಬಳಗ. ನೂರಾರು ವರ್ಷ ತೋಟಗಾರರು ಬೆರಕೆ ಮಾಡಿದ್ದರ ಫಲವಾಗಿ ಜಗತ್ತಿನಲ್ಲಿ ಇದರ ತಳಿಗಳು ಆರು ನೂರಕ್ಕೂ ಹೆಚ್ಚು. ಕಾಡಿಗೆ ನುಗ್ಗಿರುವುದು ಶುದ್ಧ ಕಮಾರಾ ಅಲ್ಲ, ಬೆರಕೆ ಸಂತತಿ ಎಂದು ಅಮೆರಿಕದ ಸಸ್ಯತಜ್ಞ ರೋಜರ್ ಸ್ಯಾಂಡರ್ಸ್ ವಾದಿಸಿ ಅದಕ್ಕೆ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ಕಾಡಿನಂಚಿನಲ್ಲಿ ಮನೆ ಇರುವವರಿಗೆ ಇದರ ಅರ್ಥ ಸರಳ. ಕಪ್ಪು ಹಣ್ಣು ಕಟ್ಟುವ ತಳಿಯನ್ನು ಕುಂಡದಲ್ಲೂ ಇಡಬಾರದು.

ಬೇಲಿಯಿಂದ ಕಾಡಿಗೆ

ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಲಂಟಾನ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಅಲ್ಲಿಂದ ಬಂಗಲೆಗಳ ಅಂಗಳ, ಬೇಲಿ, ದಂಡುಪ್ರದೇಶಗಳಿಗೆ ಹರಡಿತು. ಕನ್ನಡನಾಡಿನಲ್ಲಿ ಇದರ ಕಾಟ ಮೊದಲು ಸುದ್ದಿಯಾದದ್ದು ಕೊಡಗಿನಲ್ಲಿ, ಪಾಳುಬಿದ್ದ ಕಾಫಿ ತೋಟಗಳಲ್ಲಿ. ಕಳೆಗಳ ವಿರುದ್ಧ ಅಲ್ಲಿ 1914ರಲ್ಲೇ ಕಾನೂನು ಬಂತು. 1916ರಲ್ಲಿ ಅರಣ್ಯಾಧಿಕಾರಿ ಟೈರ್‌ಮನ್ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಕೊಡಗಿನ ಕಾಡುಗಳ ಲಂಟಾನದ ಬಗ್ಗೆ ಲೇಖನವನ್ನೇ ಬರೆದ. ಗಂಧದ ಮರಗಳನ್ನು ಕೊಲ್ಲುತ್ತಿದ್ದ ಸ್ಪೈಕ್ ರೋಗಕ್ಕೂ ಆಗ ಲಂಟಾನವನ್ನು ದೂರಿದವರಿದ್ದರು. ಆ ರೋಗದ ಹಿಂದಿರುವುದು ಬರಿಗಣ್ಣಿಗೆ ಕಾಣದ ಫೈಟೋಪ್ಲಾಸ್ಮಾ ಎಂಬುದು ಹೊರಬಿದ್ದದ್ದು 1969ರಲ್ಲಿ. ಈ ಒಂದು ಮೊಕದ್ದಮೆಯಲ್ಲಿ ಮಾತ್ರ ಲಂಟಾನಕ್ಕೆ ಖುಲಾಸೆ ಸಿಕ್ಕಿತು.

ಕೀಟತಜ್ಞ ವೈ. ರಾಮಚಂದ್ರ ರಾವ್ 1916ರಿಂದ 1919ರವರೆಗೆ ಭಾರತ ಮತ್ತು ಬರ್ಮಾದಲ್ಲಿ ಲಂಟಾನ ತಿನ್ನುವ ಕೀಟಗಳ ಸಮೀಕ್ಷೆ ನಡೆಸಿ ನೂರಕ್ಕೂ ಹೆಚ್ಚು ಬಗೆಗಳನ್ನು ಪಟ್ಟಿಮಾಡಿದರು. ಗಿಡವನ್ನು ಅಡಗಿಸುವಂಥದ್ದು ಅವುಗಳಲ್ಲಿ ಇರಲಿಲ್ಲ. 1921ರಲ್ಲಿ ಹವಾಯಿಯಿಂದ ಬೀಜ ಕೊರೆಯುವ ನೊಣವನ್ನು ದಕ್ಷಿಣ ಭಾರತಕ್ಕೆ ತರಿಸಲಾಯಿತು. ಆ ನೊಣ ನೆಲೆಯೂರಿತು, ಲಂಟಾನವೂ ಉಳಿಯಿತು. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದ 1,54,000 ಚದರ ಕಿಲೋಮೀಟರ್ ಕಾಡನ್ನು ಲಂಟಾನ ಆವರಿಸಿದೆ. ಹುಲಿ ಓಡಾಡುವ ನೆಲದ ಶೇ 40ಕ್ಕೂ ಹೆಚ್ಚು ಪಾಲು ಅದು.

ಕರ್ನಾಟಕದಲ್ಲಿ ಇದನ್ನು ಹತ್ತಿರದಿಂದ ಅಳೆದದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿ ಅಧ್ಯಯನಕ್ಕೆ ಗುರುತಿಸಿದ ತಾಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇ 81. ಬೆಟ್ಟದ ಆದಿವಾಸಿಗಳಾದ ಸೋಲಿಗರು ಕೊಡುವ ಕಾರಣ, ತರಗು ಬೆಂಕಿ ನಿಂತದ್ದು. ಬೇಸಿಗೆಯ ಆರಂಭದಲ್ಲಿ ಒಣ ಎಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ಲಂಟಾನದ ಸಸಿಗಳನ್ನು ಸುಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತು, ಪೊದೆ ದೊಡ್ಡದಾಯಿತು, ಈಗ ಬಿದ್ದರೆ ದೊಡ್ಡ ಬೆಂಕಿಯೇ. ಬಲಿತ ಪೊದೆಗೆ ಬೆಂಕಿ ಹಾಕುವುದರಿಂದ ಪ್ರಯೋಜನವಿಲ್ಲ, ಬುಡದಿಂದ ಅದು ಮತ್ತೆ ಚಿಗುರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಇದೇ ಸೋಲಿಗರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಿಂದ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತರು. ನೀಲಗಿರಿಯ ಆದಿವಾಸಿಗಳು ಅದೇ ಕಡ್ಡಿಯಿಂದ ಕಟ್ಟಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಕೆಲಸ ಚೆಂದ, ಸಂಪಾದನೆಯೂ ಉಂಟು. ಆದರೆ ಕಾಡಿನಲ್ಲಿರುವ ರಾಶಿಯ ಮುಂದೆ ಇದರಿಂದ ಖರ್ಚಾಗುವ ಕಡ್ಡಿ ಏನೇನೂ ಸಾಲದು.

ಲಂಟಾನದ ಪರವಾಗಿ ಹೇಳುವವರೂ ಇದ್ದಾರೆ, ಅವರ ಮಾತು ಪೂರ್ತಿ ಸುಳ್ಳಲ್ಲ. ಎಲ್ಲೆಲ್ಲೂ ಕಾಂಕ್ರೀಟು ಬಿದ್ದ ಊರಿನಲ್ಲಿ ಚಿಟ್ಟೆಗೆ ಮಕರಂದ, ಹರಟೆಮಲ್ಲ ಹಕ್ಕಿಗಳಿಗೆ ಅಡಗುತಾಣ ಇದರಿಂದ ಸಿಗುತ್ತದೆ. ಆದರೆ ಚಿಟ್ಟೆಯ ಮರಿಹುಳುವಿಗೆ ಬೇಕಾದ ಕರಿಬೇವು, ನಿಂಬೆ, ಎಕ್ಕಗಳ ಕೆಲಸವನ್ನು ಲಂಟಾನ ಮಾಡುವುದಿಲ್ಲ. ಅದರ ಬುಡದ ಕತ್ತಲಲ್ಲಿ ಹುಲ್ಲೂ ಏಳದು, ದೇಸಿ ಮರದ ಸಸಿಯೂ ಏಳದು. ನಗರದೊಳಗೆ ಉಳಿದಿರುವುದೇ ನಾಲ್ಕಾರು ತುಂಡು ಕುರುಚಲು ಕಾಡು. ಅಲ್ಲಿ ಈ ಲೆಕ್ಕ ಲಂಟಾನದ ಪರವಾಗಿ ತೂಗುವುದಿಲ್ಲ.

ಗುರುತಿಸಿದ ಮೇಲೆ

ಬರೀ ಕಡಿಯುವುದು ಗಿಡಕ್ಕೆ ಗೊಬ್ಬರ ಹಾಕಿದಂತೆಯೇ. ಕಡಿದ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರು ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಬೇರೆ. ಮಣ್ಣಿನ ಮಟ್ಟದಿಂದ ತುಸು ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಸಂದಿಯ ಅಡಿಯಲ್ಲಿ, ಗುದ್ದಲಿಯಿಂದ ತಾಯಿಬೇರನ್ನೇ ಕತ್ತರಿಸಿ, ಪೊದೆಯನ್ನು ಬುಡಮೇಲಾಗಿ ಮಗುಚಿ ಒಣಗಲು ಬಿಡಬೇಕು. ಚಿಗುರುವ ಶಕ್ತಿ ಇರುವುದು ಆ ಸಂದಿಯ ಸುತ್ತಲೇ. ಹಣ್ಣು ಕಟ್ಟುವ ಮೊದಲೇ ಇದನ್ನು ಮುಗಿಸಬೇಕು. ಆಮೇಲೆ ಹಕ್ಕಿ ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಒಂದೆರಡು ಮಳೆಗಾಲ ಬಿಡದೆ ಕೀಳುತ್ತಿರಬೇಕು, ತೆರವಾದ ನೆಲಕ್ಕೆ ದೇಸಿ ಹುಲ್ಲು, ಗಿಡ ಹಾಕಬೇಕು. ಬಿಟ್ಟ ಜಾಗಕ್ಕೆ ಮತ್ತೆ ಲಂಟಾನವೇ ಬರುತ್ತದೆ, ಇಲ್ಲವೇ ಪಾರ್ಥೇನಿಯಂ.

ತುರಹಳ್ಳಿ, ದೊರೆಸಾನಿಪಾಳ್ಯ, ಬನ್ನೇರುಘಟ್ಟಗಳು ಅರಣ್ಯ ಇಲಾಖೆಯ ನೆಲ. ಅಲ್ಲಿ ಕಳೆಯನ್ನೇ ಕೀಳುವುದಾದರೂ ಇಲಾಖೆಯ ಅನುಮತಿ ಪಡೆದೇ ಕೈ ಹಾಕಬೇಕು. ಅನುಮತಿ ಸಿಕ್ಕ ಮೇಲೆ, ಗುಂಪಿನಲ್ಲಿ ಗಿಡ ಬಲ್ಲವರೊಬ್ಬರು ಮುಂದೆ ನಡೆದು, ಪ್ರತಿ ಪೊದೆಯ ಚಿಗುರು ಮುಟ್ಟಿ, ಎಲೆ ಉಜ್ಜಿ ಮೂಸಿ, ಹಾಲಿದೆಯೇ ಎಂದು ನೋಡಿ, ಕವಳಿ, ಕಾರೆಗಳಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಹಾಕಲಿ. ಗುದ್ದಲಿ ಹಿಡಿದವರು ಅವರ ಹಿಂದೆ ಬರಲಿ.